ಊರು ತಂಪಿದ್ದರೂ ಘಾಟಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬಿಸಿಯಾಗುವುದೇಕೆ?

ಪ್ರಶ್ನೆ: ಮಡಿಕೇರಿ ತಂಪು ಊರು. ಆದರೂ ಇಬ್ಬರು ಕೂತು ಸಂಪಾಜೆಯಿಂದ ಘಾಟಿ ಹತ್ತುವಾಗ ನಮ್ಮ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬಿಸಿಯ ಎಚ್ಚರಿಕೆ ಬರುತ್ತದೆ, ಪಿಕಪ್ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಓಡಿಸಿದಾಗ ಹೀಗೆ ಆಗಿಲ್ಲ. ಗಾಡಿಯಲ್ಲೇ ದೋಷ ಇದೆಯಾ?

ಉತ್ತರ: ದೋಷ ಇರಲೇಬೇಕೆಂದಿಲ್ಲ. ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರಬಹುದು.

ಬ್ಯಾಟರಿ ಕೊಡುವುದು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮೋಟರಿಗೆ ಬೇಕಾದದ್ದು ಮೂರು ಫೇಸ್ ಕರೆಂಟ್. ಇದನ್ನು ಬದಲಿಸಿ ಕೊಡುವುದು ಕಂಟ್ರೋಲರ್. ಕಾರಿನಲ್ಲಾದರೆ ಇನ್ವರ್ಟರ್ ಎನ್ನುತ್ತಾರೆ. ಅದರೊಳಗೆ ಮಾಸ್ಫೆಟ್ ಎಂಬ ಪುಟ್ಟ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್, ಆಫ್ ಆಗುತ್ತಿರುತ್ತವೆ. ಬಿಸಿ ಹುಟ್ಟುವುದು ಅಲ್ಲೇ.

ಈಗ ಒಂದು ಲೆಕ್ಕ ನೋಡಿ. ಇಬ್ಬರು ಕೂತ ಸ್ಕೂಟರಿನ ಒಟ್ಟು ತೂಕ 260 ಕೆ.ಜಿ., ವೇಗ ಗಂಟೆಗೆ 40 ಕಿ.ಮೀ. ಅಂದುಕೊಳ್ಳಿ. 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಅದಕ್ಕೆ ಸಮತಟ್ಟು ರಸ್ತೆಗಿಂತ ಸುಮಾರು ಮೂರು ಪಟ್ಟು ಬಲ ಬೇಕು. ಬಲ ಮೂರು ಪಟ್ಟಾದರೆ ಮೋಟರಿಗೆ ಹೋಗುವ ಕರೆಂಟೂ ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಮಾಸ್ಫೆಟ್‌ನಲ್ಲಿ ಕರೆಂಟ್ ಹರಿದು ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಅಂದರೆ ಮೂರು ಮೂರಲ ಒಂಬತ್ತು ಪಟ್ಟು! ಸಮತಟ್ಟಿನಲ್ಲಿ ಈ ಮಾಸ್ಫೆಟ್ ಚಿಪ್ ಹೊರಗಿನ ಗಾಳಿಗಿಂತ 10 ಡಿಗ್ರಿ ಬಿಸಿ ಇದ್ದರೆ, ಘಾಟಿಯಲ್ಲಿ 90 ಡಿಗ್ರಿ ಬಿಸಿ ಆಗಬಹುದು. ಮಂಗಳೂರಲ್ಲಿ ಗಾಳಿ 34 ಡಿಗ್ರಿ ಇದ್ದರೂ ಚಿಪ್ 44ರಲ್ಲಿ ನಿಲ್ಲುತ್ತದೆ. ಇಲ್ಲಿ ಗಾಳಿ 20 ಇದ್ದರೂ ಚಿಪ್ 110ಕ್ಕೆ ಹೋಗುತ್ತದೆ. ನಮ್ಮ ತಂಪು ಗಾಳಿಯಿಂದ ಸಿಗುವ ಲಾಭ ಆ 14 ಡಿಗ್ರಿ ಅಷ್ಟೇ. ಮೋಟರಿನ ತಾಮ್ರದ ಸುರುಳಿಗೂ ಇದೇ ಲೆಕ್ಕ.

ಸಾಮಾನ್ಯವಾಗಿ ಈ ಚಿಪ್‌ಗಳು ತಡೆಯುವುದು 150ರಿಂದ 175 ಡಿಗ್ರಿವರೆಗೆ. ಅಲ್ಲಿಗೆ ಮುಟ್ಟುವ ಮೊದಲೇ ಸಾಫ್ಟ್‌ವೇರ್ ಕರೆಂಟ್ ಇಳಿಸುತ್ತದೆ. ನಿಮ್ಮ ಪಿಕಪ್ ಇಳಿದದ್ದು ಹೀಗೆ.

ಇನ್ನು ಬಿಸಿ ಹೊರಗೆ ಹೋಗುವ ದಾರಿ. ಚಿಪ್‌ನಿಂದ ಬೆಸುಗೆ, ತಾಮ್ರ, ಕರೆಂಟ್ ದಾಟದಂತೆ ತಡೆಯುವ ತೆಳು ಪದರ, ಬಿಸಿ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್, ಡಬ್ಬಿಯ ಹೊರಗಿನ ಅಲ್ಯೂಮಿನಿಯಂ ರೆಕ್ಕೆ, ಕೊನೆಗೆ ಗಾಳಿ. ತಾಮ್ರ ಅಗಲ ರಸ್ತೆ ಇದ್ದಂತೆ, ಪೇಸ್ಟ್ ಕಿರಿದಾದ ಸೇತುವೆ. ಅದು ಒಣಗಿದರೆ ಅಥವಾ ದಪ್ಪ ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ತೋಟದ ದಾರಿಯ ಕೆಸರು. ಅದು ರೆಕ್ಕೆಗಳ ನಡುವೆ ಕೂತು ಒಣಗಿದರೆ ಗಾಳಿ ಆಡುವುದಿಲ್ಲ. ಬಟ್ಟೆ, ಬ್ರಷ್ ಹಿಡಿದು ತೆಗೆಯಿರಿ. ಪ್ರೆಶರ್ ವಾಷರ್ ಬೇಡ. ಮಳೆಗಾಲದಲ್ಲಿ ಕಾದ ಕಂಟ್ರೋಲರ್ ಡಬ್ಬಿ ಥಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಎಳೆಯುತ್ತದೆ. ಅದಕ್ಕೇ ಎಷ್ಟೋ ಕಂಟ್ರೋಲರ್‌ಗಳಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಚಿಕ್ಕ ಪೊರೆ ಇರುತ್ತದೆ. ನೀರಿನ ಒತ್ತಡಕ್ಕೆ ಅದು ಹಾಳಾಗಬಹುದು.

ಕಾರುಗಳಲ್ಲಿ ಸಾಮಾನ್ಯವಾಗಿ ಗ್ಲೈಕಾಲ್ ಬೆರೆಸಿದ ನೀರು ಇನ್ವರ್ಟರನ್ನು ತಂಪು ಮಾಡುತ್ತದೆ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3ರಲ್ಲಿ ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳನ್ನು ಬಳಸಿದರು. ಅವು ಕಡಿಮೆ ಬಿಸಿ ಹುಟ್ಟಿಸುತ್ತವೆ, ಹುಟ್ಟಿದ್ದನ್ನು ಬೇಗ ದಾಟಿಸುತ್ತವೆ. ಬೆಲೆ ಮಾತ್ರ ಜಾಸ್ತಿ.

ಓಡಿಸುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಏರಿನಲ್ಲಿ ಆಕ್ಸಿಲರೇಟರ್ ಹಿಡಿದು ಗಾಡಿಯನ್ನು ಸುಮ್ನೆ ನಿಲ್ಲಿಸಬೇಡಿ. ಮೋಟರ್ ತಿರುಗುವಾಗ ಮೂರು ಫೇಸ್‌ಗಳೂ ಸರದಿಯಂತೆ ಭಾರ ಹೊರುತ್ತವೆ. ತಿರುಗದೆ ನಿಂತರೆ ಪೂರ್ತಿ ಕರೆಂಟ್ ಒಂದೇ ಫೇಸಿನ ಸ್ವಿಚ್‌ಗಳ ಮೇಲೆ ಬೀಳಬಹುದು. ರೆಕ್ಕೆಗೆ ಗಾಳಿಯೂ ಇರುವುದಿಲ್ಲ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳ ಸಾಲು ತಿರುವಿನಲ್ಲಿ ನಿಂತಾಗ ಬ್ರೇಕ್ ಹಿಡಿಯಿರಿ. ಎಚ್ಚರಿಕೆ ಬಂದರೆ ಹತ್ತು ನಿಮಿಷ ನಿಲ್ಲಿಸಿ.

ಕಂಪನಿಗಳು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಪೀಕ್ ಪವರ್. ಅದು ಸ್ವಲ್ಪ ಹೊತ್ತಿನ ಶಕ್ತಿ. ಘಾಟಿಯವರಿಗೆ ಬೇಕಾದದ್ದು ನಿರಂತರ ಪವರ್, ಅಂದರೆ ಬಿಸಿಯಾಗಿ ಸೋಲದೆ ತುಂಬ ಹೊತ್ತು ಕೊಡುವ ಶಕ್ತಿ ಎಷ್ಟು ಎಂಬುದು, ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಬೇಕು ಅಲ್ವಾ? ಹೊಸ ಗಾಡಿ ಕೊಳ್ಳುವವರು ಶೋರೂಮಿನಲ್ಲಿ ಇದನ್ನೇ ಕೇಳಿ. ಇಬ್ಬರು ಕೂತು ಏರು ರಸ್ತೆಯಲ್ಲಿ ಓಡಿಸಿ ನೋಡಿ.

ಒಬ್ಬರೇ ಸಮತಟ್ಟು ರಸ್ತೆಯಲ್ಲಿ ಹೋಗುವಾಗಲೂ ಈ ಎಚ್ಚರಿಕೆ ಬಂದರೆ ಮಾತ್ರ ದೋಷ ಇರಬಹುದು. ಆಗ ಸರ್ವಿಸ್‌ಗೆ ಕೊಟ್ಟು ಕಂಟ್ರೋಲರಿನ ಪೇಸ್ಟ್, ಬಿಸಿ ಅಳೆಯುವ ಸೆನ್ಸರ್ ಎರಡನ್ನೂ ನೋಡಿಸಿ.