ಮೆಟ್ಟಿಲು ಇಳಿಯುವಾಗಿನ ನೋವು

ಕಿಕ್‌ಬಾಕ್ಸಿಂಗ್ ತರಗತಿಗೆ ಮೊದಲ ಸಲ ಹೋಗಿ ಬಂದವರಿಗೆ ಅಂದು ಸಂಜೆ ಅಷ್ಟೇನೂ ತೊಂದರೆ ಇರುವುದಿಲ್ಲ. ಮರುದಿನ ಬೆಳಿಗ್ಗೆ ತೊಡೆ ಬಿಗಿದುಕೊಂಡಿರುತ್ತದೆ. ಅದರ ಮಾರನೆಯ ದಿನವಂತೂ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗಿ, ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕಾಗುತ್ತದೆ. ‘ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ, ಚೆನ್ನಾಗಿ ತಿಕ್ಕಿಸಿಕೊಳ್ಳಿ, ಹೋಗುತ್ತದೆ’ ಎಂಬ ಸಲಹೆ ಆಗ ಎಲ್ಲ ಕಡೆಯಿಂದಲೂ ಬರುತ್ತದೆ. ಈ ವಿವರಣೆ ತಪ್ಪೆಂದು ತಿಳಿದು ದಶಕಗಳೇ ಕಳೆದಿದ್ದರೂ ಜಿಮ್‌ಗಳಲ್ಲಿ ಅದು ಇನ್ನೂ ವಿಜ್ಞಾನದ ಹೆಸರಿನಲ್ಲಿ ಓಡಾಡುತ್ತಿರುವುದು ಬೇಸರದ ಸಂಗತಿ.

ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ 1780ರಲ್ಲಿ ಹುಳಿ ಹಾಲಿನಿಂದ ಬೇರ್ಪಡಿಸಿದ ಈ ಆಮ್ಲಕ್ಕೂ ಸ್ನಾಯುವಿನ ದಣಿವಿಗೂ ಗಟ್ಟಿಯಾಗಿ ಗಂಟು ಬಿದ್ದದ್ದು 1907ರಲ್ಲಿ. ಕೇಂಬ್ರಿಜ್‌ನ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಹಾಪ್ಕಿನ್ಸ್, ಕಪ್ಪೆಯ ಸ್ನಾಯು ದಣಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆಂದು ತೋರಿಸಿದರು. ಆಮ್ಲಜನಕ ಒದಗಿಸಿದರೆ ಅದು ಕಡಿಮೆಯಾಗುತ್ತದೆಂಬುದನ್ನೂ ಅವರೇ ಕಂಡಿದ್ದರು. ಜನರ ನೆನಪಿನಲ್ಲಿ ಮೊದಲರ್ಧ ಮಾತ್ರ ಉಳಿಯಿತು. ವಾಸ್ತವದಲ್ಲಿ ವ್ಯಾಯಾಮ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ (ದೇಹದೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಮರಳುತ್ತದೆ, ಏಕೆಂದರೆ ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸುತ್ತವೆ. 1983ರಲ್ಲಿ ಅಮೆರಿಕದ ಸಂಶೋಧಕರು ಕೆಲವರನ್ನು ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡಿಸಿ ನೋಡಿದರು. ಸಮತಟ್ಟಿನ ಓಟದಲ್ಲಿ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು.

ಇಳಿಜಾರಿನಲ್ಲಿ ಸ್ನಾಯು ಮಾಡುವುದು ಮೈಭಾರವನ್ನು ತಡೆಯುವ ಕೆಲಸ. ಕಿಕ್‌ಬಾಕ್ಸಿಂಗ್‌ನಲ್ಲಿ ಈ ಕೆಲಸ ಎಷ್ಟಿದೆಯೆಂದು ಹೊಸಬರಿಗೆ ಅಂದಾಜೇ ಇರುವುದಿಲ್ಲ. ತೂಗುಹಾಕಿದ ಚೀಲಕ್ಕೆ ಒದ್ದರೆ ಚೀಲವೇ ಕಾಲನ್ನು ನಿಲ್ಲಿಸುತ್ತದೆ. ಅದೇ ಒದೆತವನ್ನು ಗಾಳಿಯಲ್ಲಿ ಅಭ್ಯಾಸ ಮಾಡುವಾಗ, ಮುಂದಕ್ಕೆ ಚಿಮ್ಮಿದ ಕಾಲನ್ನು ಕೊನೆಯ ಕ್ಷಣದಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ತೊಡೆಯ ಹಿಂಭಾಗದ ಸ್ನಾಯುಗಳು. ಬೀಸಿದ ತೋಳನ್ನು ತಡೆಯುವುದು ಭುಜದ ಹಿಂಭಾಗದವು. ಹಗ್ಗ ಜಿಗಿಯುವಾಗ ಪ್ರತಿ ಸಲ ನೆಲಕ್ಕಿಳಿಯುವ ಮೈಭಾರವನ್ನು ತಾಳುವುದು ಮೀನಖಂಡ. ಇವೆಲ್ಲ ಸಂದರ್ಭಗಳಲ್ಲೂ ಸ್ನಾಯು ಬಲ ಹಾಕಿ ಎಳೆಯುತ್ತಿರುವಾಗಲೇ ಹಿಗ್ಗುತ್ತಿರುತ್ತದೆ. ಹಗ್ಗಜಗ್ಗಾಟದಲ್ಲಿ ಸೋಲುತ್ತಿರುವ ತಂಡ ಹಿಮ್ಮಡಿ ಊರಿ ಎಳೆಯುತ್ತಲೇ ಮುಂದಕ್ಕೆ ಜಾರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ: ಸ್ನಾಯುತಂತುವಿನೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿರುವ, ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ತಲೆಗಳೂ ಹಾಗೆಯೇ ಹಿಡಿತ ಬಿಡದೆ ಎಳೆಯಲ್ಪಡುತ್ತವೆ, ಕೆಲವು ಬಲವಂತವಾಗಿ ಕಿತ್ತುಬರುತ್ತವೆ. ತಂತುವಿನ ಉದ್ದಕ್ಕೂ ಸಾಲಾಗಿ ಜೋಡಿಸಿರುವ, ತಲಾ ಎರಡು ಮೂರು ಮೈಕ್ರೋಮೀಟರ್ ಉದ್ದದ ಸಾರ್ಕೋಮಿಯರ್‌ಗಳೆಂಬ ಎಳೆಯುವ ಘಟಕಗಳೆಲ್ಲ ಸಮಾನ ಬಲಶಾಲಿಗಳಲ್ಲ. ದುರ್ಬಲವಾದವು ಮಿತಿಮೀರಿ ಹಿಗ್ಗುತ್ತವೆ, ಅವುಗಳ ಗಡಿಗೆರೆಗಳು ಅಂಕುಡೊಂಕಾಗುತ್ತವೆ.

ನೋವು ತಡವಾಗಿ ಬರುವ ಗುಟ್ಟೂ ಇಲ್ಲಿದೆ. ಈ ಸೂಕ್ಷ್ಮ ಹಾನಿಗೆ ದೇಹದ ಪ್ರತಿಕ್ರಿಯೆಯಾದ ಉರಿಯೂತ ಬೆಳೆಯಲು, ಸುತ್ತಲಿನ ನರತುದಿಗಳು ಸಣ್ಣ ಒತ್ತಡಕ್ಕೂ ಮಿಡುಕುವಷ್ಟು ಸೂಕ್ಷ್ಮವಾಗಲು ಹಲವು ಗಂಟೆಗಳು ಬೇಕು. ಆದ್ದರಿಂದಲೇ ನೋವು 24ರಿಂದ 72 ಗಂಟೆಗಳ ನಡುವೆ ತುತ್ತತುದಿ ಮುಟ್ಟುತ್ತದೆ. ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್, ಫ್ಲೆಚರ್ ಮತ್ತು ಹಾಪ್ಕಿನ್ಸ್‌ಗಿಂತ ಮೊದಲೇ, 1902ರಲ್ಲಿ, ಇದಕ್ಕೆ ಸ್ನಾಯುವಿನೊಳಗಿನ ಸೀಳುಗಳೇ ಕಾರಣವಿರಬೇಕೆಂದು ಬರೆದಿದ್ದರು.

ತಿಕ್ಕಿಸಿಕೊಂಡರೆ ಸ್ವಲ್ಪ ಹಾಯೆನಿಸಬಹುದು, ಅದು ಆಮ್ಲ ಹೊರಹೋದದ್ದರಿಂದಲ್ಲ. ನಿಜವಾದ ರಕ್ಷಣೆ ಒದಗುವುದು ಅದೇ ವ್ಯಾಯಾಮದಿಂದ: ಒಮ್ಮೆ ಹೀಗೆ ದುಡಿದ ಸ್ನಾಯು ಚೇತರಿಸಿಕೊಂಡ ಮೇಲೆ, ಅದೇ ಕೆಲಸಕ್ಕೆ ಮುಂದಿನ ಹಲವು ವಾರಗಳವರೆಗೆ ಬಹಳ ಕಡಿಮೆ ನೋಯುತ್ತದೆ. ಹಾಗಾಗಿ ಮೊದಲ ತರಗತಿಯಲ್ಲಿ ಗಾಳಿಯೊದೆತಗಳನ್ನು ಕಡಿಮೆ ಎತ್ತರದಲ್ಲಿ, ಕಡಿಮೆ ಸಂಖ್ಯೆಯಲ್ಲಿ ಮಾಡಿದರೂ ಸ್ನಾಯುವಿಗೆ ಪಾಠ ಸಿಗುತ್ತದೆ. ಆದರೆ ನೋವಿನ ಜೊತೆಗೆ ಸ್ನಾಯು ವಿಪರೀತ ಊದಿಕೊಂಡು, ಮೂತ್ರ ಕಡು ಕಂದುಬಣ್ಣಕ್ಕೆ ತಿರುಗಿದರೆ ಅದು ಈ ಸಾಮಾನ್ಯ ನೋವಲ್ಲ. ಒಡೆದ ಸ್ನಾಯುಕೋಶಗಳಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಅಂದೇ ಆಸ್ಪತ್ರೆಗೆ ಹೋಗಬೇಕು.