ಆರ್‌ಎಎಸ್ ಅಂದ್ರ ಏನು? ಅದ ನೀರು, ಅದ ಟ್ಯಾಂಕು, ತಿರುಗಿ ತಿರುಗಿ

ಸಿಂಧನೂರು, ಕಾರಟಗಿ ಕಡಿ ಮೀನು ಸಾಕೋದು ಅಂದ್ರ ಹೊಲದಾಗ ಹೊಂಡ ತೋಡ್ಸಿ ತುಂಗಭದ್ರಾ (ಟಿಬಿ) ಡ್ಯಾಮಿನ ಎಡದಂಡೆ ಕಾಲುವಿ ನೀರು ತುಂಬಿ ಕಾಟ್ಲಾ, ರೋಹು ಮರಿ ಬಿಡೋದು. ಆದ್ರ ಕಾಲುವಿ ಕೊನಿ ಭಾಗದವರಿಗೆ ನೀರಿನ ಭರವಸೆ ಎಲ್ಲೈತ್ರಿ, 2024ರ ಆಗಸ್ಟ್‌ನ್ಯಾಗ ಟಿಬಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಎಲ್ಲಾರ ಎದಿ ಧಸಕ್ ಅಂದಿತ್ತು. ಅದಕ್ಕ ಈಗ ಹುಡುಗ್ರು ಆರ್‌ಎಎಸ್ ಬಗ್ಗೆ ಕೇಳಾಕ ಹತ್ಯಾರ. ಪೂರ್ತಿ ಹೆಸರು ರೀಸರ್ಕ್ಯುಲೇಟಿಂಗ್ ಅಕ್ವಾಕಲ್ಚರ್ ಸಿಸ್ಟಮ್. ಶೆಡ್ಡಿನೊಳಗ ಟ್ಯಾಂಕಿನ್ಯಾಗ ತಿಲಾಪಿಯಾನೋ ಪಂಗಾಸಿಯಸ್ಸೋ ಸಾಕಿ, ಹೊಲಸಾದ ನೀರು ಹೊರಗ ಚೆಲ್ಲದ ಸ್ವಚ್ಛ ಮಾಡಿ ಮತ್ತ ಅದ ಟ್ಯಾಂಕಿಗೆ ಬಿಡೋದು. ಚಲೋ ನಡಿಯೋ ಯೂನಿಟ್ಟಿನ್ಯಾಗ ದಿನಕ್ಕ 10 ಪರ್ಸೆಂಟಿಗಿಂತ ಕಡಿಮಿ ಹೊಸ ನೀರು ಸಾಕಾಗ್ತೈತಿ.

ಸ್ವಚ್ಛ ಮಾಡೋದು ಅಂದ್ರ ಬರೇ ಸೋಸೋದಲ್ಲ, ಇಲ್ಲೇ ಬಾಳ ಮಂದಿ ಎಡವತಾರ. ಮೀನಿನ ಹಿಕ್ಕಿ, ಉಳಿದ ಫೀಡು ಇವನ್ನ ಡ್ರಮ್ ಫಿಲ್ಟರ್ ಅನ್ನೋ ತಿರುಗೋ ಜರಡಿ ತಗೀತೈತಿ, ಆದ್ರ ಮೀನು ಕಿವಿರಿನಿಂದ ಬಿಡೋ ಅಮೋನಿಯಾ ನೀರಿನ್ಯಾಗ ಕರಗಿರತೈತಿ, ಯಾವ ಜರಡಿಗೂ ಸಿಗಂಗಿಲ್ಲ. ಅದಕ್ಕ ಬಯೋಫಿಲ್ಟರ್. ಪ್ಲಾಸ್ಟಿಕ್ ಬಿಲ್ಲಿ ತುಂಬಿದ ಒಂದು ಟ್ಯಾಂಕು, ಆ ಬಿಲ್ಲಿ ಮೈಮ್ಯಾಲ ಬ್ಯಾಕ್ಟೀರಿಯಾ ಕೂತಿರ್ತಾವ, ನೈಟ್ರೊಸೊಮೊನಾಸ್ ಥರದವು ಅಮೋನಿಯಾನ ನೈಟ್ರೈಟ್ ಮಾಡ್ತಾವ, ಅದೂ ವಿಷನ, ಆಮ್ಯಾಲ ಬ್ಯಾರೆ ಜಾತಿವು ಅದನ್ನ ನೈಟ್ರೇಟ್ ಮಾಡ್ತಾವ, ಅದರಿಂದ ಮೀನಿಗೆ ಅಷ್ಟು ತ್ರಾಸಿಲ್ಲ. ಬಯೋಫ್ಲಾಕ್ ಅನ್ನೋ ಮೀನು ಸಾಕೋ ಪದ್ಧತಿ ಬ್ಯಾರೆ, ಅಲ್ಲಿ ಬ್ಯಾಕ್ಟೀರಿಯಾ ಮೀನಿನ ಟ್ಯಾಂಕಿನ್ಯಾಗನ ಬೆಳೀತಾವ.

ಹಾಲಿಗೆ ಹೆಪ್ಪು ಹಾಕಿದ್ರ ಬೆಳಗಾಗೋದ್ರಾಗ ಮೊಸರು, ಈ ಬಯೋಫಿಲ್ಟರ್‌ನ್ಯಾಗ ಬ್ಯಾಕ್ಟೀರಿಯಾ ಬೆಳೆದು ನೆಲಿ ನಿಲ್ಲಾಕ 4ರಿಂದ 6 ವಾರ ಬೇಕು. ಅಷ್ಟು ದಿನ ಕಾಯದ ಸಾವಿರಗಟ್ಟಲೆ ಮರಿ ಬಿಟ್ರ ಅಮೋನಿಯಾ ಏರಿ ಸಾಯ್ತಾವ, ಅದಕ್ಕ ಕೈಮುಗದು ಹೇಳ್ತೀನಿ, ಮೊದಲು ಬ್ಯಾಕ್ಟೀರಿಯಾ ಸಾಕ್ರಿ. ಮೀನಿಗೆ ರೋಗ ಬಂತಂತ ಆಂಟಿಬಯೋಟಿಕ್ ಸುರುವಿದ್ರೂ, ಕ್ಲೋರಿನ್ ಇರೋ ನಳದ ನೀರು ಹಂಗ ಬಿಟ್ರೂ ಈ ಬ್ಯಾಕ್ಟೀರಿಯಾ ಸತ್ತು ಹೋಗ್ತಾವ.

ಇನ್ನ ಕರೆಂಟು. ಮೀನು ಒತ್ತಾಗಿರತಾವ, ಒಂದು ಲೀಟರ್ ನೀರಿನ್ಯಾಗ 5 ಮಿಲಿಗ್ರಾಂ ಮ್ಯಾಲ ಆಕ್ಸಿಜನ್ ಇರ್ಬೇಕು, ನಮ್ಮ ಬ್ಯಾಸಗಿಗೆ ನೀರು ಬಿಸಿಯಾದಷ್ಟು ಅದು ಕಡಿಮಿ ಕರಗತೈತಿ, ಪಂಪು ನಿಂತ್ರ ಅರ್ಧ ತಾಸಿನ್ಯಾಗ ಮೀನು ತೇಲಾಕ ಶುರು ಆಗಬೌದು. ಜನರೇಟರ್ ಇಲ್ಲದವರು ಇದಕ್ಕ ಕೈ ಹಾಕಬ್ಯಾಡ್ರಿ.

2020ರಾಗ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಾಗ ಇದಕ್ಕ ಸಬ್ಸಿಡಿ ಇಟ್ಟಾರ, ಸಾಮಾನ್ಯ ವರ್ಗಕ್ಕ 40 ಪರ್ಸೆಂಟು, ಎಸ್‌ಸಿ, ಎಸ್‌ಟಿ ಮತ್ತ ಹೆಣ್ಮಕ್ಕಳಿಗೆ 60. ದೊಡ್ಡ ಯೂನಿಟ್ಟಿಗೆ 50 ಲಕ್ಷ ಖರ್ಚು ಹಿಡಿದಾರ, ಮನಿ ಹಿತ್ತಲದಾಗ ಮಾಡೋ ಮಿನಿ ಆರ್‌ಎಎಸ್‌ಗೆ 50 ಸಾವಿರ. ಕಲಿಯವ್ರು ಸಣ್ಣದರಿಂದನ ಶುರು ಮಾಡ್ರಿ ಅಂತೀನಿ ನಾ. ದಿನಾ ಹೊರಗ ಹಾಕೋ ಸ್ವಲ್ಪ ನೀರಿನ್ಯಾಗ ನೈಟ್ರೇಟ್ ಇರತೈತಿ, ಅದು ಬೆಳಿಗೆ ಗೊಬ್ಬರ, ಗಟಾರಕ್ಕ ಬಿಡದ ಹಿತ್ತಲದಾಗಿನ ಬಾಳಿ ಬುಡಕ್ಕ ತಿರುವ್ರಿ.