ಟಿಕೆಟ್ ಇಲ್ಲದೆ ಹತ್ತಿದ ಗಾಳಿ

ಕಾರ್ಪೊರೇಷನ್ ಸರ್ಕಲ್ ಸಿಗ್ನಲ್‌ನಲ್ಲಿ ನನ್ನ ಹಳೆ ಬೈಕ್ ಮಿಸ್ಸಿಂಗ್ ಶುರು ಮಾಡಿತು. ಡುಬ್, ಡುಬ್, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಡುಬ್. ಆಕ್ಸಿಲೇಟರ್ ಬಿಟ್ಟರೆ ಆಫ್. ಹಸಿರು ದೀಪ ಬಂದು ಓಡಿಸಿದರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಓಡುತ್ತದೆ!

ಪಕ್ಕದ ಮನೆ ಅಜ್ಜಿ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗೆಳೆಯ ಪ್ಲಗ್ ಬದಲಿಸು ಅಂದ. ಆಫೀಸಿನವರೊಬ್ಬರು, 'ಬೆಂಗಳೂರು ಎತ್ತರದಲ್ಲಿದೆ ಅಲ್ವಾ, ಗಾಳಿ ಸಾಲಲ್ಲ' ಅಂದರು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ಮೂರನೇ ಮಾತಿಗೆ. ನಮ್ಮೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದು, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಮ್ಮಿ ಇರುವುದು ಎರಡೂ ನಿಜ. ಆದರೆ ಬೈಕ್ ನಿನ್ನೆಯವರೆಗೂ ಇದೇ ಊರಲ್ಲೇ ಇತ್ತಲ್ಲ!

ಇಂಜಿನ್ ಬಿಸಿ ಇರುವಾಗಲೇ ಚೋಕ್ ಅರ್ಧ ಎಳೆದೆ. ಸದ್ದು ತಕ್ಷಣ ಹದಕ್ಕೆ ಬಂತು. ಚೋಕ್ ಎಳೆದರೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಏರುತ್ತದೆ. ಅಂದರೆ ಅಲ್ಲಿಯವರೆಗೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಒಂದೋ ಐಡ್ಲಿಂಗ್ ಜೆಟ್ಟಿನಲ್ಲಿ (ಆಕ್ಸಿಲೇಟರ್ ಬಿಟ್ಟು ನಿಂತಾಗ ಇಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಕಸ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ. ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ತೂತು ಸರಿಯಾಗಿಯೇ ಇದೆ.

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ನೋಡಿಕೊಳ್ಳುವುದು ಕಾರ್ಬೊರೇಟರ್. ಕಿರಿದಾದ ಕೊರಳಲ್ಲಿ ನುಗ್ಗುವ ಗಾಳಿಯ ವೇಗ ಏರಿ, ಒತ್ತಡ ಇಳಿದು, ಪೆಟ್ರೋಲ್ ಮೇಲಕ್ಕೆ ಬರುತ್ತದೆ. ಇದನ್ನು 1797ರಲ್ಲಿ ವಿವರಿಸಿದ ಇಟಲಿಯ ವೆಂಚುರಿ ಒಬ್ಬ ಪಾದ್ರಿ. ಅದೇ ವರ್ಷ ಆತ ಲಿಯೊನಾರ್ಡೊ ಡ ವಿಂಚಿಯ ವಿಜ್ಞಾನದ ಟಿಪ್ಪಣಿಗಳ ಬಗ್ಗೆಯೂ ಬರೆದ. ಆಗ ಪೆಟ್ರೋಲ್ ಇಂಜಿನ್ನೇ ಇರಲಿಲ್ಲ ನೋಡಿ. ಐಡ್ಲಿಂಗ್‌ನಲ್ಲಿ ಮಾತ್ರ ಪಿಸ್ಟನ್ನಿನ ಎಳೆತವೇ ಬೇರೊಂದು ಸಣ್ಣ ದಾರಿಯಿಂದ ಪೆಟ್ರೋಲ್ ತರುತ್ತದೆ.

ಕಾರ್ಬೊರೇಟರ್ ಅಂದರೆ ಹಿಂದಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಅಂದುಕೊಳ್ಳಿ. ತನ್ನ ಮುಂದೆ ಹತ್ತಿದವರಿಗೆಲ್ಲ ಟಿಕೆಟ್ ಹರಿಯುತ್ತಾನೆ. ಮುಂದಿನ ಬಾಗಿಲಿಂದ ನಾಲ್ಕು ಜನ ನುಸುಳಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಅಥವಾ ಕಾಫಿ ತಗೊಳ್ಳಿ. ನೀವು ಅಳೆದು ಡಿಕಾಕ್ಷನ್ ಹಾಕಿದ ಮೇಲೆ ಬೇರೆ ಯಾರೋ ಬಂದು ಹಾಲು ಸುರಿದರೆ? ಕಾರ್ಬೊರೇಟರ್ ದಾಟಿದ ಮೇಲೆ ಸೇರುವ ಗಾಳಿಯೂ ಹೀಗೆಯೇ. ಅದಕ್ಕೆ ಪೆಟ್ರೋಲ್ ಸಿಗುವುದಿಲ್ಲ. ಮಿಶ್ರಣ ತೆಳುವಾಗಿ ಕಿಡಿ ಬಿದ್ದರೂ ಕೆಲವು ಸಲ ಹತ್ತಿಕೊಳ್ಳುವುದಿಲ್ಲ.

ಸಿಗ್ನಲ್‌ನಲ್ಲಿ ಮಾತ್ರ ಯಾಕೆ? ಮತ್ತೆ ಬಸ್ಸಿಗೇ ಬನ್ನಿ. ರಾತ್ರಿಯ ಕೊನೆ ಬಸ್ಸಿನಲ್ಲಿ ಹತ್ತೇ ಜನ. ಅದರಲ್ಲಿ ನಾಲ್ವರು ಕಳ್ಳರಾದರೆ ಲೆಕ್ಕ ಮಕಾಡೆ. ಬೆಳಗಿನ 9 ಗಂಟೆಯ ರಶ್‌ನಲ್ಲಿ ಅದೇ ನಾಲ್ವರು ಯಾವ ಲೆಕ್ಕ? ಜೊತೆಗೆ ಆಕ್ಸಿಲೇಟರ್ ಬಿಟ್ಟಾಗ ಗಾಳಿಯ ದಾರಿ ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ ಜೋರಾಗಿ ಎಳೆಯುತ್ತದೆ, ಸಣ್ಣ ಬಿರುಕನ್ನೂ ಬಿಡುವುದಿಲ್ಲ.

ನಮ್ಮ ಮೆಕ್ಯಾನಿಕ್, 'ಏರ್ ಎಳೀತಿದೆ ಸಾರ್' ಅಂದ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನ ಮೇಲೆ ಸೋಪಿನ ನೀರು ಚಿಮುಕಿಸಿದ. (ಕೆಲವರು ಪೆಟ್ರೋಲ್ ಹಾಕುತ್ತಾರೆ. ಬಿಸಿ ಇಂಜಿನ್ ಮೇಲೆ ಆ ಸಾಹಸ ಬೇಡ.) ಪಂಕ್ಚರ್ ಅಂಗಡಿಯ ಹಾಗೆ ಗುಳ್ಳೆ ಬರಲಿಲ್ಲ. ನೀರು ಒಳಕ್ಕೇ ಹೋಯಿತು, ಇಂಜಿನ್ ಸದ್ದು ಬದಲಾಯಿತು. ರಬ್ಬರನ್ನು ಬಗ್ಗಿಸಿ ನೋಡಿದರೆ ಕೆಳಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು. ಸ್ಕ್ರೂಡ್ರೈವರ್ ಇಳಿಸಿ, ಹೊಸದಕ್ಕೆ ಹುಡುಗನನ್ನು ಜೆ.ಸಿ. ರಸ್ತೆಗೆ ಕಳಿಸಿದ.